ತಕ್ಕಡಿಗೆ ಬಾರದ ಗಂಟು

ಆ ವಿಮಾನದಲ್ಲಿ ತಕ್ಕಡಿ ಹತ್ತದ ವಸ್ತು ಒಂದೇ ಒಂದು ಇತ್ತು. ಅದು ಎಲ್ಲಿದೆ ಎಂಬುದು ಶೀಲಾವತಿಗೆ ಮಾತ್ರ ಗೊತ್ತಿತ್ತು.

ಮಿಕ್ಕಿದ್ದನ್ನೆಲ್ಲ ಅವಳ ಗಂಡ ಧನ್ಯಕುಮಾರ ತೀರ್ಥಹಳ್ಳಿಯ ತಮ್ಮ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ತಾನೇ ತೂಗಿದ್ದ. ರೆಕ್ಕೆ, ಬಾಲ, ತಂತಿ, ಕೂರುವ ಹಲಗೆ ಎಲ್ಲ ಆದ ಮೇಲೆ ಅಕ್ಕಿಮೂಟೆ ತೂಗುವ ದೊಡ್ಡ ತಕ್ಕಡಿಯಲ್ಲಿ ತಾನೂ ಕೂತು ತೂಗಿಸಿಕೊಂಡಿದ್ದ. ಒಂದೊಂದರ ಭಾರವನ್ನೂ ಶೀಲಾವತಿಯೇ ಚೊಕ್ಕವಾಗಿ ಪಟ್ಟಿ ಮಾಡಿದ್ದಳು. ಇಂಟರ್‌ಮೀಡಿಯೆಟ್ ಓದಿದ ಹೆಂಡತಿ ಇರುವುದು ಯಾತಕ್ಕೆ ಎಂದು ಅವನು ನಗುತ್ತಿದ್ದ.

"ಇದಕ್ಕೆ ಇಂಜಿನ್ ಇಲ್ಲ ಶೀಲಾ. ಒಂದು ತೊಲ ಹೆಚ್ಚಾದರೂ ಹೊರಬೇಕಾದ್ದು ಗಾಳಿ. ಆ ಪಟ್ಟಿಯಲ್ಲಿ ಇಲ್ಲದ್ದು ಒಂದು ಗುಂಡುಸೂಜಿಯೂ ಒಳಗೆ ಬರಕೂಡದು."

ಚಪ್ಪಲಿ ಬಿಟ್ಟ. ಜೇಬುಗಡಿಯಾರ ಬಿಚ್ಚಿ ಅವಳ ಕೈಗೆ ಕೊಟ್ಟ. ಸೊಂಟದ ಬೆಳ್ಳಿ ಉಡಿದಾರವನ್ನೂ ಅನುಮಾನದಿಂದ ಮುಟ್ಟಿ ನೋಡಿಕೊಂಡ. ತಾಯಿ ಶಾಂತಮ್ಮ ಕಣ್ಣು ಬಿಟ್ಟ ಮೇಲೆ ಅದೊಂದು ಉಳಿಯಿತು.

ಅಂಥವನ ಬೆನ್ನ ಹಿಂದೆ, ಎರಡು ಮರದ ಪಟ್ಟಿಗಳು ಸೇರುವ ಸಂದಿಯಲ್ಲಿ, ಶೀಲಾವತಿ ಬೆಳಿಗ್ಗೆ ಯಾರೂ ಕಾಣದಂತೆ ಒಂದು ಗಂಟು ಇಟ್ಟುಬಂದಿದ್ದಳು. ನಾಲ್ಕು ತಂಬಿಟ್ಟು, ಎರಡು ಬಾಳೆಹಣ್ಣು, ಬಾಯಿಗೆ ಬಟ್ಟೆ ಬಿಗಿದ ಪುಟ್ಟ ತಾಮ್ರದ ತಂಬಿಗೆಯಲ್ಲಿ ಸೋಸಿದ ನೀರು. ಒಟ್ಟು ಒಂದೂವರೆ ಸೇರು. ತೂಗಿರಲಿಲ್ಲ, ಕೈ ಅಂದಾಜು. ಇಟ್ಟ ಗಳಿಗೆಯಿಂದ ಅದರ ಭಾರವೆಲ್ಲ ಅವಳ ಎದೆಯ ಮೇಲೇ ಕೂತಿತ್ತು.

ಅದು ೧೯೩೮ರ ಫೆಬ್ರವರಿ. ಹುಲಿಕಲ್ ಹತ್ತಿರ ಘಟ್ಟದ ಅಂಚಿನಲ್ಲಿ ಬೋಳುಮಂಡೆ ಎಂಬ ಹುಲ್ಲಿನ ಗುಡ್ಡ. ಅದರ ಪಡುವಣ ಬದಿ ಕತ್ತರಿಸಿ ಇಟ್ಟಂತೆ ಕೆಳಗಿನ ಕಾಡಿಗೆ ಇಳಿಯುತ್ತದೆ. ಕಡಲ ಕಡೆಯಿಂದ ಬರುವ ಮಧ್ಯಾಹ್ನದ ಗಾಳಿ ಆ ಗೋಡೆಗೆ ಬಡಿದು, ದಾರಿ ಇಲ್ಲದೆ ಮೇಲಕ್ಕೇಳುತ್ತದೆ. ಏಳುವ ಆ ಗಾಳಿಯ ಮೇಲೆ ಹದ್ದುಗಳು ರೆಕ್ಕೆ ಅಲುಗಿಸದೆ ಅಂಚಿನುದ್ದಕ್ಕೂ ಅಡ್ಡಾಡುವುದನ್ನು ನೋಡಿಯೇ ಧನ್ಯಕುಮಾರ ಈ ಗುಡ್ಡ ಆರಿಸಿದ್ದು. ಬೊಂಬಾಯಿಗೆ ಬಟ್ಟೆ ವ್ಯಾಪಾರ ಕಲಿಯಲು ಹೋದವನು ಗ್ಲೈಡರ್ ಹಾರಿಸುವುದನ್ನು ಕಲಿತು ಬಂದಿದ್ದ. ಊರಿಗೆ ಬಂದು ಸಾಗರದ ಶಂಭು ಆಚಾರಿಯನ್ನು ಕೂಡಿಕೊಂಡು ಎರಡು ವರ್ಷ ಕೆತ್ತಿ, ಬಗ್ಗಿಸಿ, ಅಂಟಿಸಿ ಇದನ್ನು ಕಟ್ಟಿದ.

ಅಂಟಿಸಿದ್ದೇ ಒಂದು ಕಥೆ. ಆಚಾರಿ ತಂದ ಸರೇಸು ಎಂಬ ಅಂಟು ದನದ ಚರ್ಮ, ಗೊರಸು ಬೇಯಿಸಿ ಮಾಡಿದ್ದೆಂದು ತಿಳಿದ ದಿನ ಶಾಂತಮ್ಮ ಅದನ್ನು ಡಬ್ಬಿ ಸಮೇತ ಜಿನಮಂದಿರ ಇರುವ ಬೀದಿಯಿಂದಲೇ ಆಚೆ ಕಳಿಸಿದರು. ಆಮೇಲೆ ಧನ್ಯಕುಮಾರ ಇಂಗ್ಲಿಷ್ ಪುಸ್ತಕ ತಿರುವಿ, ಕೆನೆ ತೆಗೆದ ಹಾಲನ್ನು ಒಡೆಸಿ ಆ ಗಟ್ಟಿಗೆ ಸುಣ್ಣ ಬೆರೆಸಿದರೂ ಅಂಟಾಗುತ್ತದೆ ಎಂದು ಓದಿ ಹೇಳಿದ.

"ಹಾಲಲ್ಲಿ ವಿಮಾನ ಅಂಟಿಸೋದಾ? ಬೆಕ್ಕು ನೆಕ್ಕಿದರೆ ರೆಕ್ಕೆ ಬಿದ್ದುಹೋಗುತ್ತೆ ಸ್ವಾಮಿ," ಎಂದಿದ್ದ ಆಚಾರಿ. ಶಾಂತಮ್ಮ ತಾವೇ ಕೂತು ಅರೆದು ಕೊಟ್ಟರು. ಒಣಗಿದ ಮೇಲೆ ಆಚಾರಿ ಉಳಿ ಹಾಕಿ ಮೀಟಿದ; ಮರ ಸೀಳಿತು, ಅಂಟು ಬಿಡಲಿಲ್ಲ. ಅಂದಿನಿಂದ ಶಾಂತಮ್ಮನವರಿಗೆ ಆ ವಿಮಾನದಲ್ಲಿ ಅರ್ಧ ಪಾಲು ತಮ್ಮದೆಂಬ ಭಾವನೆ.

ಮಾವ ವೃಷಭರಾಜರಿಗೆ ಮಾತ್ರ ಅಂಥ ಭಾವನೆ ಯಾವುದೂ ಇರಲಿಲ್ಲ. "ಐದು ಗಂಟೆ ಹೊತ್ತು ಒಂದೇ ಸಮ ಮೇಲಿದ್ದರೆ ಅದೇನೋ ಬೆಳ್ಳಿ ಬಿಲ್ಲೆ ಕೊಡ್ತಾರಂತಲ್ಲ, ಅದನ್ನು ತಾ. ಇಲ್ಲೇ ಗುಡ್ಡದ ಮೇಲೆ ಶಾಲೆ ಬೇಕಾದರೂ ತೆರೆ, ನಾನು ಅಡ್ಡ ಬರಲ್ಲ," ಎಂದಿದ್ದರು. "ತರಲಿಲ್ಲವೋ, ರೆಕ್ಕೆ ಬಿಚ್ಚಿಸಿ ಅಂಗಡಿಗೆ ಹಲಗೆ ಹೊಡೆಸ್ತೇನೆ. ಸೀರೆ ಇಡೋಕೆ ಜಾಗ ಸಾಲ್ತಿಲ್ಲ." ಸುಮ್ಮನೆ ಹೇಳಿದ್ದಲ್ಲ. ಗೋಡೆ ಅಳೆಸಿ ಗುರುತು ಹಾಕಿಸಿಯೂ ಇದ್ದರು.

ಬಿಲ್ಲೆ ಸಿಗಬೇಕಾದರೆ ಒಬ್ಬ ಸಾಕ್ಷಿ ಕಣ್ಣಾರೆ ನೋಡಿ ಸಹಿ ಹಾಕಬೇಕು. ಶಿವಮೊಗ್ಗೆಯ ವಿಜ್ಞಾನದ ಮೇಷ್ಟ್ರು ನಾರಾಯಣಮೂರ್ತಿ ಅದಕ್ಕೆಂದು ಎರಡು ದಿನ ರಜೆ ಹಾಕಿ ಬಂದಿದ್ದರು. ಮೊದಲ ದಿನ ಗಾಳಿಯೇ ಬರಲಿಲ್ಲ. ಇದು ಎರಡನೆಯ ದಿನ. ನಾಳೆ ಬೆಳಗಿನ ಬಸ್ಸಿಗೆ ಅವರು ಹೊರಡುವವರು.

ಲೆಕ್ಕ ಸರಳವಾಗಿತ್ತು. ಹನ್ನೊಂದಕ್ಕೆ ಹಾರುವುದು, ನಾಲ್ಕಕ್ಕೆ ಇಳಿದು ಊಟ ಮಾಡುವುದು. ಮೇಳಿಗೆಯ ತೌರಿನಲ್ಲಿ ಕಲಿತ ನೇಮವನ್ನು ಶಾಂತಮ್ಮ ಇವತ್ತಿಗೂ ಒಂದು ಕೂದಲೆಳೆ ಸಡಿಲಿಸಿದವರಲ್ಲ. ಸೂರ್ಯ ಮುಳುಗುವುದಕ್ಕೆ ಎರಡು ಗಳಿಗೆ ಮೊದಲೇ ಊಟ ಮುಗಿಯಬೇಕು; ಆಮೇಲೆ ನೀರೂ ಇಲ್ಲ. ಜೊತೆಗೆ ಈ ದಿನ ಬೆಳಿಗ್ಗೆ ಮಗನ ತಲೆ ಸವರಿ, "ನೀನು ಉಂಡ ಮೇಲೆಯೇ ನನ್ನ ಊಟ," ಎಂದುಬಿಟ್ಟಿದ್ದರು. ನಾಳೆ ಚತುರ್ದಶಿ, ಅವರಿಗೆ ನಿಟ್ಟುಪವಾಸ. ಹೋದ ಚತುರ್ದಶಿಯಂದು ಅವರು ಬಾವಿಕಟ್ಟೆಯ ಹತ್ತಿರ ತಲೆಸುತ್ತಿ ಬಿದ್ದದ್ದನ್ನು ಎತ್ತಿ ತಂದವಳು ಶೀಲಾವತಿ. ಇವತ್ತು ಊಟ ತಪ್ಪಿದರೆ ಇನ್ನು ನಾಡಿದ್ದು ಬೆಳಿಗ್ಗೆಯೇ ಎಂಬುದನ್ನು ಅವಳು ಹಿಂದಿನ ರಾತ್ರಿಯೇ ಬೆರಳಲ್ಲಿ ಎಣಿಸಿದ್ದಳು. ಗಂಟು ಕಟ್ಟಿದ್ದು ಅದಕ್ಕೇ. ಏನಾದರೂ ತಡವಾದೀತು ಎಂದು ಅವಳ ಮನಸ್ಸು ಹೇಳುತ್ತಿತ್ತು; ಅವಳ ಮನಸ್ಸು ದಿನಾಲೂ ಹಾಗೇ ಹೇಳುತ್ತದೆ, ಅದು ಬೇರೆ ಮಾತು.

ಈ ಸಲ ತಡವಾಯಿತು.

ಗ್ಲೈಡರನ್ನು ಎಸೆಯಲು ಉದ್ದನೆಯ ರಬ್ಬರ್ ಹಗ್ಗ. ಮೂತಿಯ ಕೊಕ್ಕೆಗೆ ಅದರ ನಡುವನ್ನು ಸಿಕ್ಕಿಸಿ, ಎರಡು ತುದಿ ಹಿಡಿದು ಐದೈದು ಜನ ಇಳಿಜಾರಿನಲ್ಲಿ ಓಡಬೇಕು. ಹಗ್ಗ ಬಿಗಿದಾಗ ಬಾಲ ಹಿಡಿದವರು ಬಿಡಬೇಕು. ಕವಣೆಕಲ್ಲಿನ ಹಾಗೆ ವಿಮಾನ ಹಾರುತ್ತದೆ. ಎಳೆಯಲು ಬಂದವರು ಜಟ್ಟಿಂಗಪ್ಪನ ತಂಡ. ಹುಲಿಕಲ್ ಕಾಡಿನಿಂದ ಬೀಟೆ, ಮತ್ತಿಯ ದಿಮ್ಮಿಗಳನ್ನು ರಸ್ತೆಗೆ ಎಳೆದು ತರುವುದು ಅವರ ಕಸುಬು.

"ಓಡ್ಬೇಕು ಅಷ್ಟೇ ತಾನೇ? ಬಿಡಿ ಒಡೆಯ, ಇದೇನು ಹಗೂರ," ಎಂದ ಜಟ್ಟಿಂಗಪ್ಪ.

ಹನ್ನೊಂದಕ್ಕೆ ಧನ್ಯಕುಮಾರ ಕೈಯೆತ್ತಿ "ಓಡಿ!" ಎಂದ. ಜಟ್ಟಿಂಗಪ್ಪ "ಐಸಾ!" ಎಂದು ಕೂಗಿದ. ಹತ್ತು ಜನರೂ ಒಂದೇ ಬಲದಲ್ಲಿ ಜಗ್ಗಿದರು, ದಿಮ್ಮಿ ಎಳೆಯುವವರ ರೂಢಿಯಂತೆ ಅಲ್ಲೇ ನಿಂತು ಉಸಿರು ತೆಗೆದುಕೊಂಡರು, ಎಷ್ಟು ಸರಿಯಿತು ಎಂದು ತಿರುಗಿ ನೋಡಿದರು. ವಿಮಾನ ಕಪ್ಪೆಯಂತೆ ಒಂದು ಸಲ ಜಿಗಿದು, ಅವರ ಮಧ್ಯೆಯೇ ಬಂದು ಕೂತಿತು. ಅಡಿಯ ಜಾರುಹಲಗೆ ಲಟಕ್ಕೆಂದಿತು.

"ಯಾಕ್ರೋ ನಿಂತ್ರಿ?" ಧನ್ಯಕುಮಾರ ಕೂತಲ್ಲಿಂದಲೇ ಕೂಗಿದ.

"ಬಂತಲ್ಲ ಒಡೆಯ! ಒಂದೇ ಐಸಾಕ್ಕೆ ಎಂಟು ಮಾರು ಬಂತು!" ಜಟ್ಟಿಂಗಪ್ಪನಿಗೆ ಹೆಮ್ಮೆ.

ಶಂಭು ಆಚಾರಿ ಬಯ್ಯುತ್ತ ಹೊಸ ಹಲಗೆ ಕೂರಿಸಿದ. ಅಂಟು ಆರುವವರೆಗೆ ಕಾಯಲಾಗದೆ ಹಗ್ಗ ಸುತ್ತಿ ಬಿಗಿದ. ಅಷ್ಟರಲ್ಲಿ ಧನ್ಯಕುಮಾರ ತಂಡದವರನ್ನು ಬರಿಗೈಯಲ್ಲಿ ಮೂರು ಸಲ ಓಡಿಸಿ, ಐಸಾ ಅನ್ನಬಾರದು, ನಿಲ್ಲಬಾರದು, ತಿರುಗಬಾರದು ಎಂದು ಪಾಠ ಮಾಡಿದ. "ಉಂಡುಬಿಡೋ ಈಗಲೇ," ಎಂದು ಶಾಂತಮ್ಮ ಬುತ್ತಿ ಬಿಚ್ಚಲು ಹೋದರು. "ಉಂಡು ಕೂತರೆ ನಿದ್ದೆ ಬರುತ್ತಮ್ಮ, ನಿದ್ದೆ ಬಂದರೆ ಕಾಡಿಗೇ ಹೋಗಿ ಬೀಳ್ತೀನಿ," ಎಂದ. ಗಾಳಿಯೂ ಈಗ ಹದವಾಗಿ ಬೀಸುತ್ತಿತ್ತು. ಅವನಿಗೆ ಅದೊಂದೇ ಧ್ಯಾನ.

ಒಂದು ಗಂಟೆ ಹತ್ತು ನಿಮಿಷಕ್ಕೆ ಹತ್ತು ಜನ ಬಾಯಿ ಬಿಗಿಹಿಡಿದು ಓಡಿದರು. ವಿಮಾನ ಅಂಚು ದಾಟಿತು, ಒಂದು ಕ್ಷಣ ಕಾಣಲಿಲ್ಲ, ಆಮೇಲೆ ಯಾರೋ ಅಂಗೈಯಲ್ಲಿ ಎತ್ತಿದಂತೆ ಮೇಲೆ ಬಂತು. ತಂಡದವರು ಆಗ ಒಟ್ಟಿಗೆ "ಐಸಾ!" ಎಂದರು, ಅಷ್ಟು ಹೊತ್ತು ನುಂಗಿಕೊಂಡಿದ್ದದ್ದು.

ಶೀಲಾವತಿ ಸಮಯ ಬರೆದುಕೊಂಡಳು. ಬರೆಯುತ್ತಲೇ ಕೂಡಿಸಿದಳು. ಐದು ಗಂಟೆ ತುಂಬುವುದು ಆರೂ ಹತ್ತಕ್ಕೆ. ಸೂರ್ಯಾಸ್ತ ಆರೂವರೆಯ ಸುಮಾರಿಗೆ. ಎರಡು ಗಳಿಗೆ ಕಳೆದರೆ ಐದೂ ನಲವತ್ತು. ಅರ್ಧ ಗಂಟೆ ಸಾಲದು.

ಅದೇ ಲೆಕ್ಕವನ್ನು ಮೇಲಿದ್ದವನೂ ಮಾಡಿಕೊಂಡಿದ್ದ. ಅವನು ಗುಡ್ಡದ ತೆಂಕಣ ತುದಿಯಿಂದ ಬಡಗಣ ತುದಿಯವರೆಗೆ ಹೋಗಿ, ತಿರುಗಿ ಬರುವುದಕ್ಕೆ ಆರೇಳು ನಿಮಿಷ. ಇಂಜಿನ್ ಸದ್ದಿಲ್ಲದ್ದರಿಂದ, ಕೆಳಗೆ ಬಂದಾಗ ಅಂಚಿನಲ್ಲಿ ನಿಂತವರ ಮಾತು ಅವನಿಗೂ ಅವನ ಮಾತು ಇವರಿಗೂ ಕೇಳುತ್ತಿತ್ತು. ಆದರೆ ಒಂದು ಸಲಕ್ಕೆ ಒಂದೇ ಮಾತು.

"ಧನ್ಯಾ, ಹಸಿವಾಯ್ತೇನೋ?" ಎಂದು ಶಾಂತಮ್ಮ ಶುರುಮಾಡಿದರು.

"ಈಗಷ್ಟೇ ಹಾರಿದೀನಮ್ಮಾ!" ಎಂದು ಅವನು ಹೊರಟುಹೋದ.

ಮುಂದಿನ ಸಲ ಅವನೇ ಮೊದಲು ಕೂಗಿದ: "ಐದೂವರೆಗೆ ಇಳೀತೀನಿ!"

ನಾರಾಯಣಮೂರ್ತಿಯವರು ಗಡಿಯಾರದಿಂದ ತಲೆಯೆತ್ತಿದರು. "ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಬಿಲ್ಲೆ ಕೊಡೋದಿಲ್ಲಮ್ಮ."

"ಇಳೀಬೇಡ ಅಂತ ಹೇಳ್ತೀನಿ, ತಾಳಿ." ಶಾಂತಮ್ಮ ಸೆರಗು ಬಿಗಿದು ಅಂಚಿಗೆ ಹೋದರು. ಶೀಲಾವತಿ ಹಿಂದೆಯೇ ಹೋಗಿ ಆ ಸೆರಗಿನ ತುದಿ ಹಿಡಿದುಕೊಂಡಳು. ವಿಮಾನ ಬಂತು. "ನಾನು ಗಟ್ಟಿ ಇದ್ದೀನಿ ಕಣೋ! ಒಂದು ಹೊತ್ತು ಬಿಟ್ಟರೆ ಸಾಯಲ್ಲ!"

ಉತ್ತರ ಆರು ನಿಮಿಷ ಬಿಟ್ಟು ಬಂತು: "ಬಾವಿಕಟ್ಟೆ ಹತ್ರ ಬಿದ್ದೋರು ಯಾರು?"

ಶಾಂತಮ್ಮ ತಿರುಗಿ ಸೊಸೆಯ ಮುಖ ನೋಡಿದರು. "ನೀನು ಹೇಳಿದ್ಯಾ?"

"ನಾನಲ್ಲ ಅತ್ತೆ... ಹೌದು, ನಾನೇ."

"ಅಮ್ಮಾರೇ, ಮಾತು ಚಿಕ್ಕದು ಮಾಡ್ಕಳಿ," ಎಂದು ಜಟ್ಟಿಂಗಪ್ಪ ಬುದ್ಧಿ ಹೇಳಿದ. "ನಿಂತು ಕೇಳಕ್ಕೆ ಅವ್ರಿಗಲ್ಲಿ ಜಗಲಿ ಐತಾ?"

ಹೀಗೆ ತಾಯಿ ಮಗನ ಜಗಳ ಎರಡು ಗಂಟೆ ಹೊತ್ತು ನಡೆಯಿತು. ಹಾರು ಎಂದು ತಾಯಿ, ಇಳಿಯುತ್ತೇನೆ ಎಂದು ಮಗ. ನಾರಾಯಣಮೂರ್ತಿಯವರೂ ತಮ್ಮ ಕೈಲಾದ ಸಹಾಯ ಮಾಡಿದರು. "ಒಂದು ವಿಷಯ ಇದೆ ಶಾಂತಮ್ಮನವರೇ. ಎತ್ತರದಲ್ಲಿ ಇರೋನಿಗೆ ಸೂರ್ಯ ನಮಗಿಂತ ತಡವಾಗಿ ಮುಳುಗ್ತಾನೆ. ಇದು ಶಾಸ್ತ್ರೀಯವಾಗಿ ಸತ್ಯ."

ಶಾಂತಮ್ಮನವರಿಗೆ ಆಸಕ್ತಿ ಬಂತು. "ಎಷ್ಟು ತಡ?"

ಮೇಷ್ಟ್ರು ಕಣ್ಣು ಮುಚ್ಚಿ ಗುಣಿಸಿದರು. "ಅವನು ಇರೋ ಎತ್ತರಕ್ಕೆ... ಒಂದು ನಿಮಿಷದೊಳಗೆ."

"ಒಂದು ನಿಮಿಷದಲ್ಲಿ ಇಳಿದು, ಕೈಕಾಲು ತೊಳೆದು, ಉಂಡೇಳೋಕಾಗುತ್ತಾ ಮೇಷ್ಟ್ರೇ?"

ಶೀಲಾವತಿ ನಗಲಿಲ್ಲ. ಗಂಟಿನ ಮಾತು ಎಷ್ಟೋ ಸಲ ಗಂಟಲವರೆಗೆ ಬಂದು ಹಿಂತಿರುಗಿತ್ತು. ಹೇಳಿದರೆ ಅವನು ಒಂದು ಕೈ ಬಿಟ್ಟು ಹಿಂದಕ್ಕೆ ತಡಕಾಡಬೇಕು. ಆಗ ರೆಕ್ಕೆ ವಾಲಿದರೆ? ಹೇಳದಿದ್ದರೆ ಐದೂವರೆಗೆ ಇಳಿಯುತ್ತಾನೆ. ಎರಡು ವರ್ಷದ ಕೆಲಸ ಸೀರೆ ಇಡುವ ಹಲಗೆಯಾಗುತ್ತದೆ.

ಮೂರೂ ನಲವತ್ತಕ್ಕೆ ವಿಮಾನ ಬಡಗಣ ತುದಿಯ ಕಮರಿಯ ಮೇಲೆ ಹೋದದ್ದು ಸಟ್ಟನೆ ಕೆಳಗಿಳಿಯಿತು. ತಿರುಗಿ ಬರುವಾಗ ಅವರ ಕಾಲಿಗಿಂತ ಕೆಳಗೆ ಬರುತ್ತಿತ್ತು. ರೆಕ್ಕೆಯ ಬೆನ್ನು ಕಾಣುತ್ತಿತ್ತು. ಒಂದೂವರೆ ಸೇರು, ಒಂದೂವರೆ ಸೇರು ಎಂದು ಅವಳ ತಲೆಯಲ್ಲಿ ಯಾರೋ ಕೂಗುತ್ತಿದ್ದರು. ಇದೊಂದು ಸಲ ಮೇಲೆ ಬರಲಿ, ಇನ್ನು ಜನ್ಮದಲ್ಲಿ ಗಂಟು ಕಟ್ಟುವುದಿಲ್ಲ ಎಂದು ಅನಂತನಾಥಸ್ವಾಮಿಗೆ ಹರಕೆ ಹೊತ್ತಳು.

"ಅಲ್ಲಿ ಕಮರಿಯಲ್ಲಿ ಗೋಡೆ ಇಲ್ಲವಲ್ಲ, ಗಾಳಿ ಏಳದೆ ನುಗ್ಗಿಹೋಗುತ್ತೆ," ಎಂದರು ಮೇಷ್ಟ್ರು ಶಾಂತವಾಗಿ. "ಗೋಡೆಗೆ ಬಂದನೋ, ಸರಿಹೋಗುತ್ತೆ."

ಸರಿಹೋಯಿತು. ನಾಲ್ಕು ನಿಮಿಷದಲ್ಲಿ ಮೊದಲಿನ ಎತ್ತರ. ಶೀಲಾವತಿ ಹುಲ್ಲಿನ ಮೇಲೆ ಕೂತು ಲೆಕ್ಕ ಹಾಕಿದಳು. ಹಾಗಾದರೆ ಗಂಟಿನದ್ದೇನೂ ತಪ್ಪಿಲ್ಲ. ಎರಡೂವರೆ ಗಂಟೆಯಿಂದ ಗಾಳಿ ಅದನ್ನು ಗೊಣಗದೆ ಹೊತ್ತುಕೊಂಡು ತಿರುಗುತ್ತಿದೆ. ಅವನ ತಕ್ಕಡಿಗಿಂತ ಗಾಳಿಗೇ ದೊಡ್ಡ ಮನಸ್ಸು.

ಅಷ್ಟು ಧೈರ್ಯ ಬಂದರೂ ಬಾಯಿ ತೆರೆಯಲು ಐದು ಗಂಟೆಯಾಯಿತು. ಇನ್ನೊಂದು ತೊಡಕಿತ್ತು. ಹೆಸರು ಹಿಡಿದು ಕರೆಯುವಂತಿಲ್ಲ. ನಾಲ್ಕು ಜನರೆದುರು ಗಂಡನನ್ನು ಗಟ್ಟಿಯಾಗಿ ಕರೆದವಳೇ ಅಲ್ಲ. ವಿಮಾನ ತೆಂಕಣದಿಂದ ಬರುತ್ತಿತ್ತು. ಅವಳು ಎದ್ದು, ಅತ್ತೆಯನ್ನು ದಾಟಿ ಅಂಚಿನಲ್ಲಿ ನಿಂತು, ಇದ್ದಬದ್ದ ಉಸಿರೆಲ್ಲ ಕೂಡಿಸಿದಳು.

"ಏನೂಂದ್ರೇ!"

ದಿಮ್ಮಿ ತಂಡದ ಹತ್ತೂ ಜನ ತಿರುಗಿ ನೋಡಿದರು. ಮೇಲಿದ್ದವನೂ ನೋಡಿದ.

"ನಿಮ್ಮ ಬೆನ್ನ ಹಿಂದೆ!"

ಅವನು ಗಾಬರಿಯಿಂದ ಬಾಲದ ಕಡೆ ಕತ್ತು ಹೊರಳಿಸಿ ನೋಡುತ್ತ ಹಾದುಹೋದ. ಆರು ನಿಮಿಷ. ಶಾಂತಮ್ಮ, ಮೇಷ್ಟ್ರು, ಆಚಾರಿ ಮೂವರೂ "ಏನದು, ಏನದು?" ಎನ್ನುತ್ತಿದ್ದರು. ಅವಳು ಉಸಿರು ಕೂಡಿಡುತ್ತಿದ್ದಳು.

"ಬಾಲ ಸರಿ ಇದೆಯಲ್ಲ! ಏನು ಹಿಂದೆ?"

"ಗಂಟು! ತಂಬಿಟ್ಟು!"

ಇನ್ನೂ ಆರು ನಿಮಿಷ. ಅವನು ಈ ಸಲ ತೀರ ಹತ್ತಿರ ಬಂದ. ಮೊದಲು ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ಭಾರ?"

"ಒಂದೂವರೆ ಸೇರು!" ಎಂದು ಕೂಗುವಾಗ ಅವಳ ಕಣ್ಣಲ್ಲಿ ನೀರು ಬಂದಿತ್ತು. ಆದರೆ ಅವನು ನಗುತ್ತಿದ್ದ; ಅವನು ಹೋದ ಮೇಲೂ ಆ ನಗು ಗಾಳಿಯಲ್ಲಿ ಸ್ವಲ್ಪ ಹೊತ್ತು ಕೇಳುತ್ತಿತ್ತು.

ಶಾಂತಮ್ಮನವರಿಗೆ ವಿಷಯ ಹೊಳೆದದ್ದು ಆಗ. ಸೊಸೆಯ ಕಡೆ ತಿರುಗಿ, "ನೀರು ಸೋಸಿದ್ದಾ?" ಎಂದರು.

"ಸೋಸಿದ್ದೇ, ಅತ್ತೆ."

"ಹಾಗಾದರೆ ಅವನು ತಿನ್ನೋದನ್ನ ನಾನು ಕಣ್ಣಲ್ಲಿ ನೋಡಬೇಕು. ಅವನು ತಿಂದೆ ಅಂತ ಸುಳ್ಳು ಹೇಳ್ತಾನೆ. ಚಿಕ್ಕಂದಿನಿಂದ ಅದೇ ಬುದ್ಧಿ."

ಐದೂ ಇಪ್ಪತ್ತೈದಕ್ಕೆ ವಿಮಾನ ಅಂಚಿಗೆ ಸಮನಾಗಿ, ಮೂವತ್ತು ಮಾರು ದೂರದಲ್ಲಿ ಬಂತು. ಧನ್ಯಕುಮಾರ ಎಡಗೈಯಲ್ಲಿ ಗಂಟು ತೊಡೆಯ ಮೇಲಿಟ್ಟುಕೊಂಡಿದ್ದ.

"ಕೈ ತೊಳೆಯೋ!" ಎಂದರು ಶಾಂತಮ್ಮ.

ಬಲಗೈ ವಿಮಾನ ತಿರುಗಿಸುವ ಕೋಲನ್ನು ಬಿಡುವಂತಿರಲಿಲ್ಲ. ಅವನು ತಂಬಿಗೆಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯನ್ನು ಹೊರಗೆ ಚಾಚಿ ನೀರು ಬಗ್ಗಿಸಿದ. ಗಾಳಿ ಆ ನೀರನ್ನು ಅನಾಮತ್ತಾಗಿ ತಂದು ಜಟ್ಟಿಂಗಪ್ಪನ ಮುಖಕ್ಕೆ ಎರಚಿತು.

"ಪುಣ್ಯ ಬಂತು ತಗಳಿ," ಎಂದ ಜಟ್ಟಿಂಗಪ್ಪ ಮುಖ ಒರೆಸಿಕೊಳ್ಳುತ್ತ.

ಮರಳಿ ಬಂದಾಗ ಅವನ ಎರಡು ಕೆನ್ನೆಯೂ ಉಬ್ಬಿತ್ತು. ಮಾತಾಡಲಾಗದೆ ತಲೆಯಾಡಿಸಿದ. ಬಾಯಿ ತೆರೆದೂ ತೋರಿಸಿದ. ಹತ್ತು ಜನ ದಿಮ್ಮಿಯವರು, ಒಬ್ಬ ಆಚಾರಿ, ಒಬ್ಬ ಮೇಷ್ಟ್ರು, ಇಷ್ಟು ಸಾಕ್ಷಿಗಳ ಎದುರು ಶಾಂತಮ್ಮ, "ಹೂಂ, ತಿಂದ," ಎಂದು ಒಪ್ಪಿಕೊಂಡು ಬುತ್ತಿ ಬಿಚ್ಚಿದರು. ಸೊಸೆಗೂ ಬಡಿಸಿದರು. ಶೀಲಾವತಿ ಕಣ್ಣು ವಿಮಾನದ ಮೇಲಿಟ್ಟೇ ಉಂಡಳು. ಅತ್ತೆ ಕೊನೆಯ ಗುಟುಕು ನೀರು ಕುಡಿದು ಲೋಟ ಬೋರಲು ಹಾಕಿದಾಗ ಗಡಿಯಾರದಲ್ಲಿ ಐದೂ ಮೂವತ್ತೆಂಟು.

"ಈಗ ಒಂದು ಸೇರಾದರೂ ಹಗುರಾಯ್ತು ಅಲ್ಲವೇ ಮೇಷ್ಟ್ರೇ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಹೇಗಮ್ಮ? ಬೆನ್ನ ಹಿಂದೆ ಇದ್ದದ್ದು ಹೊಟ್ಟೆಗೆ ಬಂತು. ಜಟ್ಟಿಂಗಪ್ಪನ ಮೇಲೆ ಬಿದ್ದ ನೀರಷ್ಟೇ ಉಳಿತಾಯ."

ಐದೂ ಮುಕ್ಕಾಲಕ್ಕೆ ಗಾಳಿ ಸೋತಿತು. ಮೊದಲು ಹುಲ್ಲಿನ ತಲೆಗಳು ನೆಟ್ಟಗಾದವು. ಶೀಲಾವತಿ ಅದನ್ನು ಎಲ್ಲರಿಗಿಂತ ಮುಂಚೆ ನೋಡಿದಳು. ಒಂದೊಂದು ಸುತ್ತಿಗೂ ವಿಮಾನ ಒಂದು ಆಳು ಕೆಳಗೆ. ಐದೂ ಐವತ್ತಾರಕ್ಕೆ ಅದು ಅಂಚಿನ ಕೆಳಗೆ ಇಳಿದು ಮರೆಯಾಯಿತು. ಮೇಲೆ ಬರದಿದ್ದರೆ ಮತ್ತೆ ಗುಡ್ಡದ ಮೇಲೆ ಇಳಿಯುವಂತಿಲ್ಲ. ಕೆಳಗೆ ಬರೀ ಕಾಡು. ಕೂಗಿ ಹೇಳುವಂಥದ್ದು ಶೀಲಾವತಿಯ ಹತ್ತಿರವೂ ಈಗ ಏನೂ ಇರಲಿಲ್ಲ.

ಆಗ ಅಂಚಿನಿಂದ ನೂರು ಮಾರು ಆಚೆ, ಬಯಲಲ್ಲಿ, ಒಂದು ಒಣಗಿದ ಎಲೆ ಮೇಲೆ ಬಂತು. ಅದರ ಹಿಂದೆ ಇನ್ನೆರಡು. ಅವಸರವಿಲ್ಲದೆ, ತಮ್ಮಷ್ಟಕ್ಕೆ ತಾವು ಏಳುತ್ತಿದ್ದವು.

"ಹಗಲೆಲ್ಲ ಕಾದ ಕಾಡು," ಎಂದರು ನಾರಾಯಣಮೂರ್ತಿ, ಪಿಸುಮಾತಿನಲ್ಲಿ. "ಸಂಜೆ ಬಿಸಿ ಬಿಡ್ತಾ ಇದೆ. ಅವನಿಗೆ ಗೊತ್ತಾಗಬೇಕು, ಗೋಡೆ ಬಿಟ್ಟು ಆಚೆ ಹೋಗಬೇಕು."

ಎಲೆಗಳ ಹಿಂದೆ ಒಂದು ಹದ್ದು ಬಂತು. ಹದ್ದಿನ ಹಿಂದೆ, ಅದೇ ಸುತ್ತಿನಲ್ಲಿ, ಹಾಲು ಸುಣ್ಣದಲ್ಲಿ ಅಂಟಿಸಿದ ಎರಡು ಬಿಳಿಯ ರೆಕ್ಕೆಗಳು. ಈ ಸಲ ಎತ್ತಿದ್ದು ಅಂಗೈಯಲ್ಲ, ತೊಟ್ಟಿಲು. ಅಷ್ಟು ನಯವಾಗಿ ಬಂತು. ಜಟ್ಟಿಂಗಪ್ಪ ಬಾಯಿ ತೆರೆದ. ಆಚಾರಿ ಅವನ ಬಾಯಿ ಮುಚ್ಚಿದ: "ಐಸಾ ಅನ್ನಬೇಡ ಮಾರಾಯ, ನಿಂತುಬಿಟ್ಟೀತು."

ಆರೂ ಹತ್ತಾಯಿತು. ಧನ್ಯಕುಮಾರ, ಕೈಯಲ್ಲಿ ಗಡಿಯಾರ ಇಲ್ಲದ್ದರಿಂದ, ಆರೂ ಇಪ್ಪತ್ತರವರೆಗೂ ಹಾರಿ, ಎಲ್ಲರೂ ಕುಣಿಯುವುದನ್ನು ನೋಡಿದ ಮೇಲೆ ಹುಲ್ಲಿನ ಮೇಲೆ ಸರ್ರನೆ ಬಂದು ಇಳಿದ. ಕಾಲು ಜೋಮು ಹಿಡಿದು ಏಳಲಾಗಲಿಲ್ಲ. ದಿಮ್ಮಿ ತಂಡ ಅವನನ್ನು ಎತ್ತಿ ಹೊರಗಿಟ್ಟಿತು, ಈ ಸಲ ಐಸಾದೊಂದಿಗೆ.

ನಾರಾಯಣಮೂರ್ತಿಯವರು ಕೂತು ಕಾಗದ ತುಂಬಿಸಿದರು. ಅವರು ಒಂದು ಅಕ್ಷರ ತಪ್ಪು ಬರೆಯುವವರಲ್ಲ. "ಹೊತ್ತ ಭಾರದ ಪಟ್ಟಿ ಲಗತ್ತಿಸಬೇಕು. ಶೀಲಾವತಮ್ಮ, ಪಟ್ಟಿಯಲ್ಲಿ ಇಲ್ಲದ್ದು ಏನಾದರೂ ಇತ್ತೇ?"

ಶೀಲಾವತಿ ಗಂಡನ ಮುಖ ನೋಡಿದಳು. ಅವನು ಗಂಭೀರವಾಗಿ ಆಕಾಶ ನೋಡುತ್ತಿದ್ದ. ಅವಳು ಪಟ್ಟಿ ಬಿಡಿಸಿ, ಉಡಿದಾರದ ಕೆಳಗೆ, ಚೊಕ್ಕ ಅಕ್ಷರದಲ್ಲಿ ಬರೆದಳು: ಊಟದ ಗಂಟು, ಒಂದೂವರೆ ಸೇರು.

"ತಂಬಿಟ್ಟು ನಾಲ್ಕಲ್ಲ, ಮೂರು ತಿಂದೆ," ಎಂದು ಧನ್ಯಕುಮಾರ ಉಳಿದೊಂದನ್ನು ತೆಗೆದ. "ಇನ್ನು ಹೊತ್ತಾಯಿತು, ನಾನು ಮುಟ್ಟೋ ಹಾಗಿಲ್ಲ. ಜಟ್ಟಿಂಗಪ್ಪ, ನೀನು ತಿನ್ನು. ಮುಂದಿನ ಸಲ ಪಟ್ಟಿಯಲ್ಲಿ ಆರು ಬರಿ ಶೀಲಾ."

"ಮುಂದಿನ ಸಲವಾ?" ಎಂದಳು ಅವಳು. ಅನಂತನಾಥಸ್ವಾಮಿಗೆ ಹೊತ್ತ ಹರಕೆ ನೆನಪಾಯಿತು.

"ಮಳೆ ಬಿಡೋ ಕಾಲದಲ್ಲಿ, ಗುಡ್ಡದ ಆ ಕಡೆ, ಹೊಸನಗರದ ಮೇಲೆ ಒಂದು ಮೋಡ ಗಾಳಿಗೂ ಕದಲದೆ ನಿಲ್ಲುತ್ತಲ್ಲ? ಹೊಳೆಯಲ್ಲಿ ಬಂಡೆ ದಾಟಿದ ನೀರು ಆಚೆ ಅಲೆಯಾಗಿ ಏಳೋ ಹಾಗೆ, ಗುಡ್ಡ ದಾಟಿದ ಗಾಳಿಯೂ ಏಳುತ್ತಂತೆ. ಅದನ್ನು ಹತ್ತಿ ನೋಡಬೇಕು."

"ಎಷ್ಟು ಹೊತ್ತು?"

"ಯಾರಿಗೆ ಗೊತ್ತು."

ಶಾಂತಮ್ಮ ಖಾಲಿ ಬುತ್ತಿಯ ಬಾಯಿ ಕಟ್ಟುತ್ತಿದ್ದರು. ಪಡುವಣದಲ್ಲಿ ಸೂರ್ಯ ಕೆಂಪಗೆ ಕಡಲಿಗೆ ಇಳಿದಿದ್ದ. "ಅದೆಲ್ಲ ಆಮೇಲೆ," ಎಂದರು. "ಮೊದಲು ಯಾರಾದರೂ ಓಡಿಹೋಗಿ ಅಂಗಡೀಲಿರೋ ಧನ್ಯನ ಅಪ್ಪನವರಿಗೆ ಹೇಳಿ. ಸೀರೆ ಇಡೋಕೆ ಹಲಗೆ ಬೇರೆ ಎಲ್ಲಾದರೂ ನೋಡಿಕೊಳ್ಳಲಿ ಅಂತ."